ಪಕ್ಕದ ಮನೆಗೆ ಹೋದ ರಿಕವರಿ ಡಿಸ್ಕ್

ಗೆಳೆಯರೇ, ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಗ್ಗೆ ಪಕ್ಕದ ಮನೆಯ ಗಣಪಣ್ಣ ಬಂದು, ಶಿರಸಿ ಪೇಟೆಯಲ್ಲಿ ಅಸೆಂಬಲ್ ಮಾಡಿಸಿದ ತನ್ನ ಕಂಪ್ಯೂಟರ್ ಕೆಟ್ಟಿದೆಯೆಂದು ನನ್ನ ಕಂಪ್ಯೂಟರಿನ ಜೊತೆ ಕಂಪನಿಯವರೇ ಕೊಟ್ಟಿದ್ದ ರಿಕವರಿ ಡಿಸ್ಕ್ ಕೇಳಿದ.

"ಅದು ಯನ್ನ ಕಂಪ್ಯೂಟರಿಗೆ ಮಾತ್ರ ಆಗ್ತು. ನಿಂಗೆ ಪೂರ್ತಿ ಇನ್‌ಸ್ಟಾಲ್ ಮಾಡೋ ಡಿಸ್ಕೇ ಬೇಕು" ಎಂದೆ. ಕೇಳಲಿಲ್ಲ. ಅವನ ಏಣಿ ದೀಪಾವಳಿಯಿಂದ ನಮ್ಮಲ್ಲೇ ಇದೆ, ಹೆಚ್ಚು ವಾದಿಸುವ ಹಾಗಿಲ್ಲ. ಕೊಟ್ಟೆ.

ಅರ್ಧ ಗಂಟೆಯಲ್ಲಿ ವಾಪಸ್ ಬಂದ. "ಇದು ಬೇರೆ ಕಂಪ್ಯೂಟರ್ ಹೇಳಿ ತೋರಿಸ್ತು, ಮುಂದೇ ಹೋಗ್ತಿಲ್ಲೆ. ಮಗಳು ನಾಳೆ ಕಾಲೇಜಿಗೆ ಪ್ರಾಜೆಕ್ಟ್ ಕೊಡವು. ಕೊಡಲೆ ಮನಸಿಲ್ಲೆ ಅಂದ್ರೆ ಸೀದಾ ಹೇಳಕಾಗಿತ್ತು ಮಾರಾಯ!"

ಮತ್ತೆ ಮೊದಲಿನಿಂದ ವಿವರಿಸಿದೆ. ಈ ಸಲ ಪೂರಾ ಕೇಳಿಸಿಕೊಂಡ.

"ಹಂಗಾರೆ ಕಂಪ್ಯೂಟರನ್ನೂ ಕೊಡು, ಎರಡು ದಿನ."

ಕೈಗಾಡಿ ತರಲು ಹೋಗಿದ್ದಾನೆ. ಅವನು ಬರುವುದರೊಳಗೆ ಇದನ್ನು ಪೋಸ್ಟ್ ಮಾಡಬೇಕು.