ನಾನು ಹಾಕಿದ ಹೆಚ್ಚಿನ ಕಂಸ

ತಂಗಿ, ತಮ್ಮಾ, ಮೊಮ್ಮಕ್ಕಳಾದ ನಿಮ್ಮಿಬ್ಬರನ್ನೂ ಹೆಸರು ಹಿಡಿದು ಕರೆದು ನನಗೆ ರೂಢಿಯಿಲ್ಲ. ಎದುರಿಗೆ ಕೂತು ಹೇಳಲು ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ಯುಗಾದಿಗೆ ಎಲ್ಲರೂ ಊಟಕ್ಕೆ ಕೂತಾಗ ಅಜ್ಜನ ಮಾತು ಬಂತು. ನಿಮ್ಮ ಅವ್ವ, "ಅಪ್ಪಂದು ಕಡೀ ವರ್ಷ ತಲಿ ನೆಟ್ಟಗ ಇರಲಿಲ್ಲ ಬಿಡು" ಅಂದಳು. ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅಜ್ಜನೇ ಹಾಗೆ ಹೇಳಿಕೊಂಡಿದ್ದರು, ನಾನೂ ನಂಬಿದ್ದೆ. ಹೋಳಿಗೆ ಬಡಿಸುತ್ತಾ ಹೋದೆ.

ನಿಮ್ಮ ಅಜ್ಜ ಧಾರವಾಡದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು. ಸ್ಕೀಮ್ ಎಂಬ ಕಂಪ್ಯೂಟರ್ ಭಾಷೆಯ ಮೇಲೆ ಅವರಿಗೆ ಭಾಳ ಪ್ರೀತಿ. ಅದರಲ್ಲಿ ಬರೆದದ್ದೆಲ್ಲ ಕಂಸದೊಳಗೆ ಇರಬೇಕು, ಕಂಸದೊಳಗೆ ಮತ್ತೆ ಕಂಸ. ತೆರೆದಷ್ಟನ್ನೂ ಮುಚ್ಚಬೇಕು. ಕಲಿಯುವವರು ಅಲ್ಲೇ ಲೆಕ್ಕ ತಪ್ಪುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂಜಾಗತೊಡಗಿದಾಗ, ಕೋಡ್ ಬರೆಯುವ ಎಡಿಟರಿಗೆ ಜೋಡಿಸುವ ಒಂದು ಪುಟ್ಟ ಪ್ರೋಗ್ರಾಂ, ಅಂದರೆ ಎಕ್ಸ್‌ಟೆನ್ಶನ್ ಮಾಡಲು ಹೊರಟರು. ಮುಚ್ಚುವ ಕಂಸದ ಮೇಲೆ ಕರ್ಸರ್ ನಿಂತಾಗ, ಅದಕ್ಕೆ ಜೋಡಿ ಇದ್ದರೆ 'ಟಿಣ್' ಅನ್ನಬೇಕು, ಇಲ್ಲದಿದ್ದರೆ 'ಡಬ್' ಅನ್ನಬೇಕು. ಕಣ್ಣು ಕಾಣದವರೂ ಕಿವಿಯಿಂದ ತಿಳಿದುಕೊಳ್ಳಲಿ ಎಂದು. ಕಂಸ ಎಣಿಸುವ ಭಾಗವನ್ನು ಕಣ್ಣು ಇರುವಷ್ಟು ದಿನದಲ್ಲಿ ತಾವೇ ಬರೆದು ಮುಗಿಸಿದರು. ಆಮೇಲಿನದನ್ನು ಅವರು ಹೇಳಿದಂತೆ ಟೈಪ್ ಮಾಡಲು ನನ್ನನ್ನು ಕೂರಿಸಿದರು.

ನಾನು ಅಮ್ಮಿನಬಾವಿಯಲ್ಲಿ ಏಳನೇ ಇಯತ್ತೆಯವರೆಗೆ ಓದಿದವಳು. ಇಂಗ್ಲಿಷ್ ಅಕ್ಷರಗಳನ್ನು ಕೀಬೋರ್ಡಿನ ಮೇಲೇ ಹುಡುಕಿ ಹುಡುಕಿ ಕಲಿತೆ. ಆದರೆ ಎಣಿಸುವುದು ನನಗೆ ಗೊತ್ತಿತ್ತು. ನಮ್ಮವ್ವ ಕಲಿಸಿದ ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಿಯೇ ಸೂಜಿ ಹಾಕಬೇಕು, ಗಂಟು ಹಾಕುವಂತಿಲ್ಲ, ಹೋದ ದಾರಿಯಲ್ಲೇ ತಿರುಗಿ ಹೊರಟ ಜಾಗಕ್ಕೆ ಬರಬೇಕು. ಅಜ್ಜನಿಗೆ ಇದರ ಮೇಲೆ ಬಹಳ ಭರವಸೆ.

"ಎಷ್ಟು ತೆರದೇವಿ?" ಎಂದು ಮೊದಮೊದಲು ಕೇಳುತ್ತಿದ್ದರು.

"ಐದು ರೀ."

"ಹಂಗಾದ್ರ ಐದು ಮುಚ್ಚು."

ಸ್ವಲ್ಪ ದಿನಕ್ಕೆ ಅದನ್ನೂ ಬಿಟ್ಟರು. ಸಾಲಿನ ಕೊನೆಗೆ ಬಂದಾಗ "ಎಲ್ಲಾ ಮುಚ್ಚಿಬಿಡು. ಎಣಸೂದು ನಿನ್ನ ಖಾತೆ" ಅನ್ನುತ್ತಿದ್ದರು. ನಾನು ಬೆರಳ ತುದಿಯಲ್ಲಿ ಎಣಿಸಿ ಮುಚ್ಚುತ್ತಿದ್ದೆ. ನಾವಿಬ್ಬರೂ ಅಷ್ಟು ಹೊತ್ತು ಜೊತೆಗೆ ಕೂತದ್ದು ಮದುವೆಯಾದಾಗಿನಿಂದ ಅದೇ ಮೊದಲು.

ಎಕ್ಸ್‌ಟೆನ್ಶನ್ನನ್ನು ಪರೀಕ್ಷಿಸಲು ಒಂದು ಪುಟ ಬರೆಸಿದರು. ಎಲ್ಲ ಸಾಲುಗಳೂ ಟಿಣ್ ಅಂದವು. ಕೊನೆಯ ಸಾಲಿನಲ್ಲಿ ಒಂದು ಕಂಸ ತೆರೆಸಿ, ಒಂದೆರಡು ಶಬ್ದ ಹೇಳಿ, "ಹ್ಯಾಶ್, ಓರೆಗೆರೆ, ಮತ್ತ ತೆರೆಯೂ ಕಂಸ. ಎಲ್ಲಾ ಮುಚ್ಚಿಬಿಡು" ಅಂದರು. ಆ ಹ್ಯಾಶ್ ಗುರುತು ಯಾಕೆ ಬಂತು ಎಂದು ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಎರಡು ತೆರೆದಿದ್ದೆ, ಎರಡು ಮುಚ್ಚಿದೆ. ಡಬ್ ಅಂದಿತು.

"ಇನ್ನೊಮ್ಮೆ ಎಣಸಲೇನ್ರಿ?"

"ಬ್ಯಾಡ. ನಿನ್ನ ಎಣಿಕಿ ತಪ್ಪೂದಿಲ್ಲ. ತಪ್ಪು ನನ್ನ ಕೋಡಿನಾಗೈತಿ."

ಆದರೂ ಎಣಿಸಿದೆ. "ಬರೋಬ್ಬರಿ ಐತ್ರಿ" ಅಂದೆ.

ಅಂದಿನಿಂದ ಮೂರು ತಿಂಗಳು ಅವರು ತಮ್ಮ ಕೋಡಿನಲ್ಲಿ ತಪ್ಪು ಹುಡುಕಿದರು. ಬದಲಾಯಿಸುವ ಮೊದಲು ಪ್ರತಿ ಸಲವೂ ಕೋಡಿನ ಒಂದು ಪ್ರತಿ ತೆಗೆಸಿ, ಒಂದು, ಎರಡು, ಮೂರು ಎಂದು ಹೆಸರಿಡಿಸುತ್ತಿದ್ದರು. ಒಂದು ದಿನ ನಗಿಸೋಣವೆಂದು, "ನಿಮ್ಮ ಯಂತ್ರಕ್ಕ ನೆಗಡಿ ಆಗೇತಿ, ದನಿನ ಬಿದ್ದೈತಿ" ಅಂದೆ. "ನೆಗಡಿ ಅದಕ್ಕಲ್ಲ, ನನ್ನ ಮೆದುಳಿಗೆ" ಅಂದರು. ಮುಖದಲ್ಲಿ ನಗು ಇರಲಿಲ್ಲ. ತಿದ್ದಿದ ಹಾಗೆಲ್ಲ ಮೊದಲು ಟಿಣ್ ಅನ್ನುತ್ತಿದ್ದ ಸಾಲುಗಳೂ ಡಬ್ ಅನ್ನತೊಡಗಿದವು.

ಒಂದು ಮುಂಜಾನೆ "ಮುಚ್ಚಿಬಿಡು" ಅಂದರು. ನಾನು ಬೆರಳೆತ್ತಿ ಎಣಿಸಲು ಹೊರಟೆ.

"ಕಂಸ ಅಲ್ಲ. ಕಂಪ್ಯೂಟರ್ ಮುಚ್ಚು. ಇನ್ನ ನನಗಿದು ತಿಳಿಯೂದಿಲ್ಲ."

ಹಳೆಯ ವಿದ್ಯಾರ್ಥಿಗಳು ಫೋನ್ ಮಾಡಿದರೂ ತೆಗೆದುಕೊಳ್ಳುತ್ತಿರಲಿಲ್ಲ. "ಸರ್‌ಗ ತಲಿ ನಿಂತಿಲ್ಲ ಅಂತ ಹೇಳು" ಅನ್ನುತ್ತಿದ್ದರು. ದೀಪಾವಳಿಗೆ ಮೊದಲೇ ತೀರಿಹೋದರು.

ಯುಗಾದಿಯ ಆ ಮಾತು ಕೇಳಿದ ಮರುದಿನ ಮಧ್ಯಾಹ್ನ, ಕಂಪ್ಯೂಟರಿನ ಮೇಲಿನ ಹೊದಿಕೆ ತೆಗೆದೆ. ಪರೀಕ್ಷೆಯ ಪುಟ ತೆರೆದೆ. ಡಬ್. ಕಸೂತಿಯಲ್ಲಿ ಲೆಕ್ಕ ಕೂಡದಿದ್ದರೆ ಕೊನೆಯ ಹೊಲಿಗೆಯಿಂದ ಒಂದೊಂದೇ ಬಿಚ್ಚುತ್ತಾ ಹಿಂದಕ್ಕೆ ಬರುತ್ತೇವೆ. ಹಾಗೇ ಕೊನೆಯ ಕಂಸ ಒಂದನ್ನು ಅಳಿಸಿದೆ. ಆಗಲೂ ಡಬ್. ಆಮೇಲೆ ಅವರ ಕೋಡಿನ ಪ್ರತಿಗಳನ್ನು ಕೊನೆಯದರಿಂದ ಹಿಂದಕ್ಕೆ ಒಂದೊಂದಾಗಿ ಹಾಕಿ ನೋಡುತ್ತಾ ಬಂದೆ. ಅವರು ಏನನ್ನೂ ಬದಲಾಯಿಸುವ ಮೊದಲಿನ ಪ್ರತಿ, 'ಒಂದು' ಎಂಬುದು ಬಂತು.

ಟಿಣ್.

ನಾನು ಅಳಿಸಿದ ಕಂಸವನ್ನು ಮತ್ತೆ ಹಾಕಿದೆ. ಡಬ್. ತೆಗೆದೆ. ಟಿಣ್.

ಅವರು ಪಾಠಕ್ಕೆ ಮಾಡಿಕೊಂಡಿದ್ದ ಹಳೆಯ ಟಿಪ್ಪಣಿ ಪುಸ್ತಕ ಕಪಾಟಿನಲ್ಲಿತ್ತು. ನನಗೆ ತಿಳಿಯುವಷ್ಟು ತಿರುವಿದೆ. ಹ್ಯಾಶ್ ಮತ್ತು ಓರೆಗೆರೆಯ ಮುಂದೆ ಬರುವ ಕಂಸ ಬರೀ ಒಂದು ಅಕ್ಷರ, ಅದನ್ನು ಮುಚ್ಚಬೇಕಿಲ್ಲ ಎಂದು ಅವರ ಕೈಯಲ್ಲೇ ಬರೆದಿತ್ತು. ಅವರ ಕೋಡಿಗೆ ಅದು ಮೊದಲ ದಿನವೇ ಗೊತ್ತಿತ್ತು, ಡಬ್ ಅಂದದ್ದು ಸರಿಯೇ ಇತ್ತು. ಗೊತ್ತಿಲ್ಲದಿದ್ದದ್ದು ನನಗೆ. ಹೆಚ್ಚಿನ ಕಂಸವನ್ನು ಹಾಕಿದವಳು ನಾನು, ಬರೋಬ್ಬರಿ ಐತಿ ಅಂದವಳೂ ನಾನು. ಅವರು ತಮ್ಮ ತಲೆಯನ್ನು ಅನುಮಾನಿಸಿದರು, ನನ್ನ ಎಣಿಕೆಯನ್ನು ಅನುಮಾನಿಸಲಿಲ್ಲ.

ಯಾರಿಗಾದರೂ ಹೇಳಬೇಕು ಅನ್ನಿಸಿತು. ಪಕ್ಕದ ಮನೆಯವರು ಒಳ್ಳೆಯವರು, ಆದರೆ ಅವರ ಬಾಗಿಲು ಬಡಿದು ಏನೆಂದು ಹೇಳುವುದು? ಆ ಟಿಣ್ ಶಬ್ದಕ್ಕಾಗಿ ಕಾದಿದ್ದವರು ಒಬ್ಬರೇ. ಈಗಲೂ ಕೆಲವು ಮಧ್ಯಾಹ್ನ ಹೊದಿಕೆ ತೆಗೆದು ಆ ಸಾಲಿನ ಮೇಲೆ ಕರ್ಸರ್ ಇಡುತ್ತೇನೆ, ಒಂದು ಸಲ ಕೇಳಿ ಮುಚ್ಚುತ್ತೇನೆ. "ಇದು ಯಾಕ್ರಿ, ಈ ಹ್ಯಾಶ್?" ಅಷ್ಟೇ ಕೇಳಬೇಕಿತ್ತು. ಬಗಲಲ್ಲೇ ಕೂತಿದ್ದರು.

ನಿಮ್ಮ ಅವ್ವನಿಗೆ ಇದನ್ನು ಹೇಳಲು ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಅಡುಗೆ ಏನೆಂದು ಕೇಳಿ ಇಟ್ಟೆ. ಅದಕ್ಕೆ ನೀವೇ ಅವಳಿಗೆ ಓದಿ ಹೇಳಿ. ಅಜ್ಜನ ತಲೆ ಕಡೆಯವರೆಗೂ ನೆಟ್ಟಗಿತ್ತು. 'ಒಂದು' ಎಂಬ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಹಾಕಿ, ನಾನು ಕೆಡಿಸಿದ ಸಾಲನ್ನು ತಪ್ಪಿನ ಸಮೇತ ಕಾಗದದ ಮೇಲೆ ಬರೆದು, ಕಸೂತಿಯ ಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ನನ್ನ ಟ್ರಂಕಿನ ತಳದಲ್ಲಿದೆ. ಮನೆ ಸ್ವಚ್ಛ ಮಾಡುವಾಗ ರದ್ದಿಗೆ ಹಾಕಬೇಡಿ. ಜೋಪಾನವಾಗಿಡಿ, ಇಬ್ಬರೂ.