ಸದ್ಯಕ್ಕೆ ದುಗ್ಗಪ್ಪಣ್ಣ

ಭಂಡಿಗಡಿಯ ನಮ್ಮ ನೆರೆಮನೆ ದುಗ್ಗಪ್ಪಣ್ಣನ ಪ್ರಕಾರ ರಿಪೇರಿ ಎಂದರೆ ಸೈಕಲ್ ಟ್ಯೂಬಿನ ಒಂದು ತುಂಡು ಮತ್ತು "ಸದ್ಯಕ್ಕೆ ನಡೀತದೆ ಮಾರಾಯ" ಎಂಬ ಒಂದು ಮಾತು. ಅವನ ಮಿಕ್ಸಿಯ ಮುಚ್ಚಳ, ಸ್ಕೂಟರಿನ ಕನ್ನಡಿ, ಕನ್ನಡಕದ ಕಡ್ಡಿ ಎಲ್ಲವೂ ಆ ಕಪ್ಪು ರಬ್ಬರಿನ ದಯೆಯಿಂದ ಬದುಕಿವೆ. ಗೇಟಂತೂ ಮಗಳು ಹುಟ್ಟಿದಾಗಿನಿಂದ ಸದ್ಯಕ್ಕೇ ನಿಂತಿದೆ, ಈಗ ಆ ಮಗಳ ಮದುವೆಯೂ ಆಯಿತು. ಕೆಳಗೆ ಕೂತು ಏಳಲಾಗದ ತಾಯಿ ಶೇಷಮ್ಮನಿಗೆಂದು ಹಾಕಿಸಿದ ಕಮೋಡಿನ ಹಿಂದೆ ಪೈಪಿನ ಜಾಯಿಂಟು ಸೋರತೊಡಗಿದಾಗಲೂ ಅಷ್ಟೇ: ಟ್ಯೂಬು ಸುತ್ತಿದ, ಅಡಿಗೊಂದು ಪೇಂಟಿನ ಡಬ್ಬ ಇಟ್ಟ, ಕೈ ತೊಳೆದುಕೊಂಡ. ಡಬ್ಬ ಚೆಲ್ಲುವ ಕೆಲಸ ಹೆಂಡತಿ ವಿಜಯಳ ಪಾಲಿಗೆ ಬಂತು. ಒಂದು ಬೆಳಿಗ್ಗೆ ನಾನೂ ಅವರಲ್ಲಿ ಕಾಫಿಗೆ ಕೂತಿದ್ದೆ. ಶೇಷಮ್ಮ ಲೋಟಕ್ಕೆ ಕೈ ಅಡ್ಡ ಹಿಡಿದು, "ಅರ್ಧ ಸಾಕು ಕಣೆ. ಹೆಚ್ಚು ಕುಡಿದ್ರೆ ಮತ್ತೆ ಹೋಗ್ಬೇಕಾಗ್ತದೆ, ಡಬ್ಬ ಚೆಲ್ಲೋಳು ನೀನೇ ಅಲ್ವಾ" ಎಂದರು. ದುಗ್ಗಪ್ಪಣ್ಣ ತನ್ನ ಲೋಟ ಕೆಳಗಿಟ್ಟು ಎದ್ದ. ಕೊಪ್ಪದಿಂದ ಹೊಸ ಕನೆಕ್ಟರ್ ತಂದ, ಕಮೋಡನ್ನೇ ಸರಿಸಿ ಹಳೆಯ ಟ್ಯೂಬು ಕಿತ್ತೆಸೆದ, ಹೊಸದನ್ನು ಕೂರಿಸಿದ. ಮದುವೆಮನೆಗೆ ಹೋಗುವಾಗ ಹೆಗಲಿಗೆ ಹಾಕುವ ಬಿಳಿ ಟವೆಲನ್ನು ಜಾಯಿಂಟಿನ ಅಡಿಗೆ ಹಾಸಿ, ಮತ್ತೆ ಮತ್ತೆ ಫ್ಲಶ್ ಮಾಡಿ ನೋಡಿದ. ಟವೆಲಿಗೆ ಒಂದು ಹನಿಯೂ ತಾಗಲಿಲ್ಲ. "ಇದೂ ಸದ್ಯಕ್ಕಾ ಅಣ್ಣ?" ಎಂದು ಕೆಣಕಿದೆ. ಅವನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಶೇಷಮ್ಮನ ದನಿ ಕೇಳಿತು: "ವಿಜಯಾ, ಕಾಫಿ ಉಳಿದಿದ್ರೆ ಹಾಕೆ. ಲೋಟ ತುಂಬ."