ಮಾವಶಿ ತಿದ್ದಿದ ಸ್ವರದ ಹಾಳೆ

ಇವತ್ತು ಮೊಮ್ಮಗಳು ಪಿಯಾನೋದ ಮುಚ್ಚಳ ತೆಗೆದದ್ದೇ ತಡ, ಮಳೆಗಾಲದ ಮುಗ್ಗಲು ವಾಸನೆ ನನ್ನನ್ನು ಕಾರವಾರದ ಮಾವಶಿಯ, ಅಂದರೆ ನನ್ನ ಚಿಕ್ಕಮ್ಮನ, ಪಡಸಾಲೆಗೆ ಎಳೆದೊಯ್ದಿತು.

ಊರು ಬಿಟ್ಟುಹೋದ ಸಾಹೇಬನೊಬ್ಬನ ಪಿಯಾನೋ ಅಲ್ಲಿತ್ತು. ಕಡಲ ಗಾಳಿಗೆ ಮರ ಉಬ್ಬಿ, ಮಳೆಗಾಲದಲ್ಲಿ ಕೆಲವು ಕಪ್ಪು-ಬಿಳಿ ಪಟ್ಟಿಗಳು ಒತ್ತಿದರೂ ನುಡಿಯುತ್ತಿರಲಿಲ್ಲ. ಮಾವಶಿ ಬಿಟ್ಟಾಳೆಯೇ! ಮುಂಬಯಿಯ ಗೆಳೆಯರು ಹಡಗಿನಲ್ಲಿ ಕಳಿಸಿದ್ದ ಅಪರೂಪದ, ಅಚ್ಚಾದ ಸ್ವರದ ಹಾಳೆಯನ್ನು, ಆ ಮೂಕ ಪಟ್ಟಿಗಳು ಬೇಕಾಗದಂತೆ ಪೆನ್ಸಿಲಿನಲ್ಲಿ ತಿದ್ದಿ, ಅಂಕೋಲೆಯ ಸಂಗೀತದ ಮಾಸ್ತರರಿಗೆ ಕೊಟ್ಟುಕಳಿಸಿದಳು. ಬಂದ ಹಾಳೆಯನ್ನೆಲ್ಲ ಹಂಚಿಕೊಂಡು ನುಡಿಸುವುದು ಇಬ್ಬರಿಗೂ ಹುಚ್ಚು.

ಮಾಸ್ತರರು ಮರುದಿನವೇ ಮೋಟಾರು ಹತ್ತಿ ಬಂದರು. "ಅಕ್ಕೋರೇ, ಇಂಥಾ ಹಾಳೆ ಮತ್ತೆ ಸಿಕ್ತದೆಯಾ? ಗೀಚ್ದವ್ರು ಯಾರು?"

"ನಾನೇ. ಮೊದ್ಲು ಬಾರಿಸಿ, ಆಮೇಲೆ ಬೈಯಿರಿ."

ಮೂತಿ ಉಬ್ಬಿಸಿಕೊಂಡೇ ಅವರು ಮಾವಶಿಯ ಪಿಯಾನೋದ ಮುಂದೆ ಕೂತರು. ಅಚ್ಚಾದಂತೆ ಬಾರಿಸಿದಾಗ ರಾಗ ಹಲ್ಲಿಲ್ಲದ ಬಾಯಿಯ ಹಾಗೆ ತೊದಲಿತು. ಮಾವಶಿ ತಿದ್ದಿದಂತೆ ಬಾರಿಸಿದರೆ ಕಾಳಿ ನದಿಯ ಹಾಗೆ ಹರಿಯಿತು.

"ನನ್ನ ಹಾರ್ಮೋನಿಯಂ ಪೇಟಿಯ ಪಟ್ಟಿ ಎಲ್ಲಾ ನುಡಿತದೆ. ಆದ್ರೂ ನಂಗೆ ಇದೇ ಬೇಕು," ಎಂದರು ಮಾಸ್ತರರು.

ಮಳೆ ಮುಗಿದ ಮೇಲೆ ಸುದ್ದಿ ಮುಟ್ಟಿ, ಮುಂಬಯಿಯ ಆ ಗೆಳೆಯರೇ ಕೇಳಿ ಕಳಿಸಿದರು: "ಕಾರವಾರದಲ್ಲಿ ತಿದ್ದಿದ ಆ ಪಾಠ ನಮಗೂ ಬೇಕು."

ಮೊಮ್ಮಗಳ ಪಿಯಾನೋದಲ್ಲಿ ಒಂದು ಪಟ್ಟಿಯೂ ಮೂಕವಲ್ಲ. ಆದರೂ ಅವಳು ಎದುರಿಗಿಟ್ಟುಕೊಂಡದ್ದು ಮಾವಶಿಯ ಹಾಳೆಯನ್ನೇ.